ತಲೆದಿಂಬು ಹಿಡಿದು ಮಂಡ್ಯಕ್ಕೆ

ತಲೆದಿಂಬನ್ನು ತೊಡೆಯ ಮೇಲಿಟ್ಟುಕೊಂಡು ಮಳವಳ್ಳಿಯಿಂದ ಮಂಡ್ಯದ ಬಸ್ಸು ಹತ್ತಿದವಳು ನಾನೊಬ್ಬಳೇ ಇರಬೇಕು. ಪಕ್ಕದಲ್ಲಿ ನಮ್ಮ ಯಜಮಾನರು, ಅವರ ಕಾಲ ಬಳಿ ಉಸಿರಿನ ಮಿಷನ್ನು, ನನ್ನ ಕಾಲ ಬಳಿ ಮುದ್ದೆ, ಬಸ್ಸಾರಿನ ಕ್ಯಾರಿಯರ್ರು.

ಅವರಿಗೆ ನಿದ್ದೆಯಲ್ಲಿ ಉಸಿರು ನಿಲ್ಲುತ್ತದೆ. ಗೊರಕೆ ಏರುತ್ತಾ ಹೋಗಿ ಒಮ್ಮೆಲೇ ಕಡಿದುಬಿಡುತ್ತದೆ. ಎಷ್ಟೋ ಹೊತ್ತಿನ ಮೇಲೆ, ನೀರಿನಲ್ಲಿ ಮುಳುಗಿ ಎದ್ದವರ ಹಾಗೆ ಉಸಿರೆಳೆದುಕೊಳ್ಳುತ್ತಾರೆ. ಮೂಗಿನ ಮಾಸ್ಕಿಗೆ ಗಾಳಿ ಒತ್ತುವ ಮಿಷನ್ನು ಬಂದ ಮೇಲೆ ನನಗೂ ನಿದ್ದೆ ಬಂದಿತ್ತು. ಅದು ಕೆಟ್ಟಾಗ ವಿಮೆ ಕಂಪನಿಯವರು ಬದಲಿ ಕೊಡಿಸಿದರು. ಆ ಬದಲಿಯೋ, ಅವರು ನಿದ್ದೆಗೆ ಜಾರಿದ ಸ್ವಲ್ಪ ಹೊತ್ತಿಗೆ ತಾನೂ ಸುಮ್ಮನಾಗಿಬಿಡುತ್ತಿತ್ತು. ನಾನು ಹಳೆಯ ಕೆಲಸಕ್ಕೆ ಮರಳಿದೆ. ಕಿವಿಗೊಟ್ಟು ಮಲಗುವುದು, ಗೊರಕೆ ಕಡಿದರೆ ಎದ್ದು ಅವರ ಕಾಲಿನ ಹೆಬ್ಬೆರಳು ಹಿಂಡುವುದು.

ಬೇರೆ ಮಿಷನ್ನು ಕೇಳಿದರೆ ಕಂಪನಿಯವರು, ಮಿಷನ್ನಿನೊಳಗಿನ ಲೆಕ್ಕದ ಪ್ರಕಾರ ನಿಮ್ಮವರು ಅದನ್ನು ಸರಿಯಾಗಿ ಬಳಸುತ್ತಲೇ ಇಲ್ಲ ಅಂದರು. ಆರಿಹೋಗುವುದನ್ನು ಬಳಸುವುದು ಹೇಗೆ? ಮಂಡ್ಯದ ಡೀಲರು ಕಣ್ಣಾರೆ ಕಂಡು, ಕೆಟ್ಟಿದೆ ಎಂದು ಬರೆದುಕೊಡಬೇಕಂತೆ. ಮೊದಲ ಸಲ ದಿಂಬಿಲ್ಲದೇ ಹೋದೆವು. ಅಂಗಡಿಯ ಮೇಜಿನ ಮೇಲೆ ಅದು ಚೆನ್ನಾಗಿಯೇ ಓಡಿತು.

"ಮಿಷನ್ ಸರ್ಯಾಗೈತೆ ಕಣಕ್ಕ. ಅಣ್ಣನೇ ಕಿತ್ತಾಕ್ಬುಟ್ಟು ಮಲಗ್ತಾರೇನೋ," ಅಂದ ಡೀಲರು.

"ಅದು ನಿಲ್ಲಾದು ಇವ್ರು ಮಲಗ್ದಾಗ ಕಣಪ್ಪ. ಇನ್ನೊಂದ್ಸಲ ಬಂದು ಇಲ್ಲೇ ಮಲಗುಸ್ತೀನಿ, ನೋಡು," ಅಂದೆ.

ಅವನು ತಮಾಷೆ ಅಂದುಕೊಂಡ. ಮುಂದಿನ ವಾರ ನಾವು ದಿಂಬಿನ ಸಮೇತ ಬಂದದ್ದು ಕಂಡು ಒಳಗಿನ ಬೆಂಚು ತೋರಿಸಿದ.

ಮುದ್ದೆ ಹೊಟ್ಟೆಗೆ ಬೀಳದೆ ಇವರಿಗೆ ಹಗಲುನಿದ್ದೆ ಹತ್ತುವುದಿಲ್ಲ. ಅಲ್ಲೇ ಉಣ್ಣಲಿಟ್ಟೆ.

"ಜನ ನೋಡ್ತಾವ್ರೆ ಕಣಮ್ಮಿ, ನಾಚ್ಕೆ ಆಯ್ತದೆ."

"ಟೀವಿ ಮುಂದೆ ಕೂತ್ಕಂಡೇ ಒರಗ್ತೀರಲ್ಲ, ಇಲ್ಲೇನ್ ಬಂತು? ಮಲಿಕ್ಕಳಿ."

ಉಂಡು, ಮಾಸ್ಕು ಹಾಕಿಕೊಂಡು ತಮ್ಮ ದಿಂಬಿಗೆ ತಲೆ ಕೊಟ್ಟರು. ಡೀಲರು ಟೀ ಲೋಟ ಹಿಡಿದು ಬಂದು ನಿಂತ. ನಿದ್ದೆ ಹತ್ತಿತು. ಮಿಷನ್ನಿನ ಸದ್ದು ನಿಂತಿತು. ಗೊರಕೆ ಶುರುವಾಗಿ, ಏರಿ, ಕಡಿಯಿತು.

"ಅಕ್ಕಾ, ಉಸ್ರು..." ಅಂದ ಅವನು.

"ನೋಡ್ಕ," ಅಂದೆ.

ಹೆಬ್ಬೆರಳು ನನ್ನ ಕೈಯಲ್ಲೇ ಇತ್ತು. ಅವನು ನೋಡಲಿ ಎಂದು ಬೇಕೆಂದೇ ಹಿಂಡದೆ ಹಿಡಿದಿದ್ದೆ. ಸ್ವಲ್ಪ ಹೊತ್ತೇ ಇರಬಹುದು. ಒಂದು ಕಾಗದಕ್ಕಾಗಿ ಇವರ ಉಸಿರನ್ನು ಕಾಯಿಸುತ್ತಿದ್ದೇನೆ ಅನ್ನಿಸಿದ್ದೇ, ತಡೆಯಲಾರದೆ ಹಿಂಡಿಬಿಟ್ಟೆ. ಉಸಿರು ಬಂತು. ಡೀಲರು ಲೋಟವನ್ನು ಕೆಳಗಿಟ್ಟು ನೆಲದ ಮೇಲೇ ಕೂತ.

"ಉಸ್ರು ಸಣ್ಣಕಾದ್ರೆ ಮಾಸ್ಕ್ ತಗುದ್ಬುಟ್ರು ಅನ್ಕಂಡು ಆಫ್ ಆಯ್ತಾ ಅದೆ ಇದು," ಅಂದ. ಮಿಷನ್ನೂ ಕಂಪನಿಯವರ ಹಾಗೆಯೇ ತಿಳಿದುಕೊಂಡಿತ್ತು. ಕಾಗದ ಬರೆದುಕೊಟ್ಟ. ಹೊಸದು ಬರುವ ತನಕ ಇರಲಿ ಎಂದು ಅಂಗಡಿಯದೇ ಒಂದು ಮಿಷನ್ನನ್ನೂ ಕೊಟ್ಟ.

ವಾಪಸ್ಸು ಬರುವಾಗ ಮದ್ದೂರು ಬಂದದ್ದು ಗೊತ್ತು. ಆಮೇಲೆ ಕಣ್ಣು ಬಿಟ್ಟರೆ ಬಸ್ಸು ಬೆಳಕವಾಡಿಯಲ್ಲಿ ನಿಂತಿದೆ, ಮಳವಳ್ಳಿ ಹಿಂದೆಯೇ ಉಳಿದಿದೆ. ಯಜಮಾನರು ಕ್ಯಾರಿಯರ್ರು, ಮಿಷನ್ನು ಎರಡನ್ನೂ ಹಿಡಿದು ಎದ್ದು ನಿಂತಿದ್ದರು.

"ಎಬ್ಬುಸ್ಬಾರ್ದಿತ್ತಾ?" ಅಂದೆ ಇಳಿಯುತ್ತಾ.

"ಮದ್ದೂರಲ್ಲೇ ಒರಗ್ಬುಟ್ಟೆ. ಎಬ್ಬುಸಕ್ಕೆ ಮನ್ಸು ಬರ್ನಿಲ್ಲ. ಕಂಡಕ್ಟ್ರುಗೆ ಹೇಳಿ ಇಲ್ಲಿಗಂಟ ಟಿಕೆಟ್ ತಕ್ಕಂಡೆ. ನಿಂದೆಂಗೂ ಫ್ರೀ."

ತಿರುಗಿ ಹೋಗುವ ಬಸ್ಸಿಗೆ ಕಾಯುತ್ತಾ ಕಟ್ಟೆಯ ಮೇಲೆ ಕೂತೆವು, ದಿಂಬು ನಡುವೆ.

"ನಾನೂ ಗೊರ್ಕೆ ಹೊಡುದ್ನಾ?"

"ಊಂ. ಕಾಲ್ಬೆಳ್ಳ ಹಿಂಡಾಣ ಅನ್ಕಂಡೆ," ಅಂದರು ಯಜಮಾನರು. "ಸೀಟಿನ್ ಸಂದೀಲಿ ಬಗ್ಗಕ್ಕೆ ಆಗ್ನಿಲ್ಲ."