ಶಾದ್ಲಿಯಾ ನಿಲ್ಲಿಸಿದ ತೊಟ್ಟು

ಶಾದ್ಲಿಯಾ ಇಲ್ಲದ ಮೊದಲ ಆಲಿವ್ ಸುಗ್ಗಿ ಇದು. ಸ್ಫಾಕ್ಸ್ ಊರಾಚೆಯ ನಮ್ಮ ಬೀದಿಯಲ್ಲಿ ಗಾಡಿ ಕೆಟ್ಟು ನಿಂತರೆ ಜನ ಇನ್ನೂ ಅವಳ ಮನೆಯ ಬಾಗಿಲ ಕಡೆ ತಿರುಗಿ ನೋಡುತ್ತಾರೆ, ಆಮೇಲೆ ಅವಳಿಲ್ಲ ಎಂಬುದು ನೆನಪಾಗುತ್ತದೆ. ಅವಳು ಮೆಕ್ಯಾನಿಕ್ ಅಲ್ಲ. ಮೂವತ್ತೈದು ವರ್ಷ ಬಟ್ಟೆ ಹೊಲಿದವಳು. ಬೀದಿಯ ಅರ್ಧದಷ್ಟು ಮದುವಣಗಿತ್ತಿಯರ ಉಡುಪು ಅವಳ ಮೆಷಿನ್ನಿನಿಂದಲೇ ಎದ್ದು ಬಂದದ್ದು. ಗಾಡಿ ಓಡಿಸಲೂ ಅವಳಿಗೆ ಬರುತ್ತಿರಲಿಲ್ಲ. ಆದರೂ ಆರು ವರ್ಷದ ಹಿಂದಿನ ಸುಗ್ಗಿಯಲ್ಲಿ ಅವಳು ಮಾಡಿದ ಕೆಲಸವನ್ನು ಹೇಳುವಾಗ ನಮ್ಮವರ ದನಿ ತಾನಾಗಿಯೇ ಏರುತ್ತದೆ.

ಆ ವರ್ಷ ರೆಂಬೆಗಳು ನೆಲ ಮುಟ್ಟುವಷ್ಟು ಕಾಯಿ ಹೊತ್ತಿದ್ದವು. ಶಾದ್ಲಿಯಾಳ ಗಂಡ ಮೊನ್ಸೆಫ್ ಬಳಿ ಒಂದು ಹಳೆಯ ಪಿಕಪ್ ಇತ್ತು. ಹಿಂಭಾಗಕ್ಕೆ ಟಾರ್ಪಾಲು ಹೊದಿಸಿದ್ದ ಆ ಗಾಡಿ ಅವರ ದೊಡ್ಡ ಮಗಳಿಗಿಂತ ಎಂಟು ವರ್ಷ ಹಿರಿದು. ತಮ್ಮ ಹದಿನೆಂಟು ಮರಗಳ ಕಾಯಿಯ ಜೊತೆಗೆ ಬೀದಿಯ ಮೂವರು ವಿಧವೆಯರ ಕಾಯಿಯನ್ನೂ ಗಾಣಕ್ಕೆ ಮುಟ್ಟಿಸುತ್ತೇನೆ ಎಂದು ಶಾದ್ಲಿಯಾ ಮಾತು ಕೊಟ್ಟಿದ್ದಳು.

ಭಾನುವಾರ ಗಂಡಹೆಂಡಿರು ಸರದಿ ಗೊತ್ತುಮಾಡಿಕೊಳ್ಳಲು ಗಾಣಕ್ಕೆ ಹೋದರು. ಗಾಣದ ಯಜಮಾನ ಹಾಜ್ ತೈಯೆಬ್ ಬಂದವನೇ ಗಾಡಿಯ ಕೆಳಗೆ ಬಗ್ಗಿ ನೋಡಿದ. ನೆಲದ ಮೇಲೆ ನಾಣ್ಯದಷ್ಟಗಲ ಕಪ್ಪು ಕಲೆ.

"ಇದೇನಪ್ಪ ಮೊನ್ಸೆಫ್? ನನ್ನ ಅಂಗಳದಲ್ಲಿ ನಿನ್ನ ಗಾಡಿ ಉಚ್ಚೆ ಹೊಯ್ತಿದೆ."

"ವಯಸ್ಸಾಯ್ತಲ್ಲ ಹಾಜ್, ತಡ್ಕೊಳ್ಳೋಕಾಗಲ್ಲ ಪಾಪ."

"ನಗಬೇಡ. ಈ ವಾಸನೆ ಕಾಯಿಗೆ ಹತ್ತಿದ್ರೆ ಇಡೀ ತೊಟ್ಟಿ ಎಣ್ಣೆ ಗ್ಯಾರೇಜ್ ನಾತ ಹೊಡಿಯತ್ತೆ. ಗುರುವಾರ ಬೆಳಗ್ಗೆ ನಿಮ್ಮ ಸರದಿ. ತೊಟ್ಟು ನಿಲ್ಲದೆ ಈ ಗಾಡಿ ನನ್ನ ಗೇಟು ದಾಟಲ್ಲ. ಸರದಿ ತಪ್ಪಿತೋ, ಮತ್ತೆ ಹದಿನೈದು ದಿನ."

ಹದಿನೈದು ದಿನವೆಂದರೆ ಮುಗಿದಂತೆಯೇ. ಕಾಯಿ ಆಗಲೇ ಕಿತ್ತು ಮೂಟೆ ಕಟ್ಟಿಯಾಗಿತ್ತು. ಕಿತ್ತ ಕಾಯಿ ಮೂಟೆಯಲ್ಲಿ ಕೂತರೆ ಒಳಗೊಳಗೇ ಬಿಸಿಯಾಗಿ ಹುಳಿಯುತ್ತದೆ. ಆಗ ಬರುವ ಎಣ್ಣೆ ದೀಪಕ್ಕಷ್ಟೇ ಲಾಯಕ್ಕು. ಸುಗ್ಗಿಯ ದಿನಗಳಲ್ಲಿ ಬೇರೆ ಗಾಡಿ ಸಿಗುವುದು ಕನಸಿನ ಮಾತು. ನಾಲ್ಕು ಮನೆಗಳ ವರ್ಷದ ಎಣ್ಣೆ ಆ ಒಂದು ತೊಟ್ಟಿನ ಮೇಲೆ ನಿಂತಿತ್ತು.

ಸೋಮವಾರ ಮೆಕ್ಯಾನಿಕ್ ಉಸ್ತಾ ನೂರಿ ಬಂದ; ಕಸುಬಿನಲ್ಲಿ ಪಳಗಿದವರನ್ನು ನಮ್ಮಲ್ಲಿ ಉಸ್ತಾ ಎನ್ನುತ್ತೇವೆ. ಗಾಡಿಯ ಕೆಳಗೆ ನುಸುಳಿ, ಎರಡು ನಿಮಿಷದಲ್ಲಿ ಆಚೆ ಬಂದು ಕೈ ಒರೆಸಿಕೊಂಡ.

"ಹಿಂದಿನ ಆಯಿಲ್ ಸೀಲ್ ಹೋಗಿದೆ. ಇಂಜಿನ್ ಇಳಿಸ್ಬೇಕು. ಸುಗ್ಗಿ ಮುಗಿದ್ಮೇಲೆ ತನ್ನಿ."

"ಸೀಲ್ ಸೋರೋದನ್ನ ಕಣ್ಣಾರೆ ನೋಡಿದ್ಯಾ?" ಎಂದಳು ಶಾದ್ಲಿಯಾ.

"ಅದು ಒಳಗಿರತ್ತೆ ಖಾಲ್ತಿ, ಕಾಣಲ್ಲ," ಎಂದ ನೂರಿ; ಬೀದಿಗೆಲ್ಲ ಅವಳು ಖಾಲ್ತಿ, ಅಂದರೆ ಚಿಕ್ಕಮ್ಮ. "ತೊಟ್ಟು ಎಲ್ಲಿ ಬೀಳ್ತಿದೆ ನೋಡಿ. ಇಂಜಿನ್ನು ಗೇರ್‌ಬಾಕ್ಸು ಕೂಡೋ ಜಾಗ. ಇನ್ನೇನಿರತ್ತೆ?"

"ನಮ್ಮ ಮಾಳಿಗೆ ಬಚ್ಚಲಲ್ಲಿ ತೊಟ್ಟಿಕ್ತಿತ್ತು. ಬಿರುಕು ಇದ್ದದ್ದು ಅಡುಗೆಮನೆ ಮೇಲೆ."

ನೂರಿ ನಕ್ಕ. "ಮಾಳಿಗೆ ಬೇರೆ, ಇಂಜಿನ್ ಬೇರೆ. ನೀವು ಹೋಗಿ ಗುಂಡಿ ಹೊಲೀರಿ ಖಾಲ್ತಿ, ಇದನ್ನ ನಮಗೆ ಬಿಡಿ."

ಆ ಮಾತು ಅವಳಿಗೆ ಚುಚ್ಚಿತು. ಚುಚ್ಚಿದ್ದನ್ನು ಮುಖದಲ್ಲಿ ತೋರಿಸುವವಳಲ್ಲ. ನೂರಿ ಬೀದಿಯ ತಿರುವು ದಾಟುವ ಹೊತ್ತಿಗೆ ಅಂಗಳದಲ್ಲಿದ್ದ ಗಾಡಿಯ ಬಾನೆಟ್ ಎತ್ತಿ ನಿಲ್ಲಿಸಿದ್ದಳು.

ಇಂಜಿನ್ನಿನ ಮೈಮೇಲೆ ಇಪ್ಪತ್ತು ವರ್ಷದ ಜಿಡ್ಡು, ಅದರ ಮೇಲೆ ಮರಳು. ಎಲ್ಲವೂ ಕಪ್ಪಗೆ ಒದ್ದೆ. ಯಾವುದು ಹಳೆಯ ಸೋರಿಕೆ, ಯಾವುದು ಹೊಸದು ಎಂದು ಯಾರಿಗೂ ತಿಳಿಯುವಂತಿರಲಿಲ್ಲ. ಶಾದ್ಲಿಯಾ ಸೀಮೆಎಣ್ಣೆ, ಹಳೆಯ ಹಲ್ಲುಜ್ಜುವ ಬ್ರಷ್ಷು, ಒಂದು ಚೀಲ ಚಿಂದಿಬಟ್ಟೆ ತಂದಳು. ಮಧ್ಯಾಹ್ನದ ಊಟ ಮರೆತು ಉಜ್ಜಿದಳು. ಇಂಜಿನ್ ತನ್ನ ನಿಜವಾದ ಬೂದು ಬಣ್ಣಕ್ಕೆ ಬಂದ ಮೇಲೆ ಬಿಸಿಲಿಗೆ ಒಣಗಲು ಬಿಟ್ಟು, ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದ ಆರು ಬಿಲ್ಲೆಗಳನ್ನು ಹಿತ್ತಾಳೆಯ ಕುಟ್ಟಾಣಿಯಲ್ಲಿ ಪುಡಿಮಾಡಿದಳು. ತೆಳುಬಟ್ಟೆಯ ಗಂಟಿನಲ್ಲಿ ಆ ಪುಡಿಯನ್ನು ಕಟ್ಟಿ, ಮಗುವಿಗೆ ಪೌಡರ್ ಹಚ್ಚುವಂತೆ ಇಂಜಿನ್ನಿನ ಮೇಲೆಲ್ಲ ತಟ್ಟಿದಳು.

ಮೊನ್ಸೆಫ್ ಸೊಂಟಕ್ಕೆ ಕೈಕೊಟ್ಟು ನಿಂತು ನೋಡುತ್ತಿದ್ದ. "ಇದೇನು ಇಂಜಿನ್ನಾ, ಹಲ್ವಾ ಅಂಗಡೀನಾ?"

"ಬಾಯಿ ಮುಚ್ಚಿ ಗಾಡಿ ಸ್ಟಾರ್ಟ್ ಮಾಡು. ಬೀದಿ ಕೊನೆವರೆಗೆ ಮೂರು ಸುತ್ತು ಹೊಡ್ಕೊಂಡು ಬಾ."

ಅವನು ಬಂದ ಮೇಲೆ ಅವಳು ಕೈಗನ್ನಡಿ ಹಿಡಿದು ಇಂಜಿನ್ನಿನ ಬೆನ್ನ ಹಿಂದೆ ಇಣುಕಿದಳು. ಕೆಳಗಿನ ಸೀಲಿನ ಸುತ್ತ ಹೊಸ ಒಸರು ಎಲ್ಲಿಂದಲೂ ಹೊರಟಿರಲಿಲ್ಲ. ಆದರೆ ಇಂಜಿನ್ನಿನ ತಲೆಯ ಮೇಲಿನ ಮುಚ್ಚಳದ ಹಿಂದಿನ ಎಡಮೂಲೆಯಿಂದ ಬೆರಳಗಲದ ಒಂದು ಕಪ್ಪು ಗೆರೆ ಹೊರಟು, ಬೆನ್ನಗುಂಟ ಇಳಿದು, ನೂರಿ ತೋರಿಸಿದ್ದ ಅದೇ ಜಾಗದಲ್ಲಿ ತೊಟ್ಟಾಗಿ ನಿಂತಿತ್ತು. ಬಿಳಿಯ ಪುಡಿಯ ಮೇಲೆ ಆ ಗೆರೆ ಅಳತೆಪಟ್ಟಿ ಇಟ್ಟು ಎಳೆದಷ್ಟು ಸ್ಪಷ್ಟ.

"ಬಾ ಇಲ್ಲಿ," ಎಂದಳು. ಮೊನ್ಸೆಫ್ ನೋಡಿದ. ಇನ್ನೊಮ್ಮೆ ನೋಡಿದ. ಆಮೇಲೆ ಹೋಗಿ ಸ್ಪ್ಯಾನರ್ ತಂದ.

ಮುಚ್ಚಳ ಬಿಚ್ಚಿದರೆ, ಎಣ್ಣೆ ಸೋರದಂತೆ ಅದರ ಅಡಿಗೆ ಕೂರಿಸಿದ್ದ ಕಾರ್ಕ್ ಪ್ಯಾಕಿಂಗ್ ಒಣರೊಟ್ಟಿಯಂತಾಗಿ ಮೂಲೆಯಲ್ಲಿ ಮುರಿದಿತ್ತು. ಮಂಗಳವಾರ ಬೆಳಗ್ಗೆ ಅಂಗಡಿಯಿಂದ ಹೊಸದು ಬಂತು. ತಪ್ಪು ಆದದ್ದು ಅದನ್ನು ಕೂರಿಸುವಾಗ. ನಮ್ಮಲ್ಲಿ ಮಗುವಿಗೆ ಕಿವಿನೋವಾದರೂ, ಬಾಗಿಲು ಕಿರುಗುಟ್ಟಿದರೂ, ಹೊಸ ಮಣ್ಣಿನ ಗಡಿಗೆ ಮನೆಗೆ ಬಂದರೂ ಕೈ ಮೊದಲು ಹೋಗುವುದು ಆಲಿವ್ ಎಣ್ಣೆಯ ಜಾಡಿಗೆ. ಶಾದ್ಲಿಯಾ ಯೋಚಿಸಲೂ ಇಲ್ಲ. ಹೊಸ ಪ್ಯಾಕಿಂಗಿನ ಎರಡೂ ಮೈಗೆ ಮನೆಯೆಣ್ಣೆ ಸವರಿ ಕೂರಿಸಿದಳು. ಮೊನ್ಸೆಫ್ ಹಲ್ಲು ಕಚ್ಚಿ, ಇದ್ದ ಬಲವನ್ನೆಲ್ಲ ಹಾಕಿ ಬೋಲ್ಟು ಬಿಗಿದ. ಇಂಜಿನ್ ಶುರುವಾದದ್ದೇ ತಡ, ಜಾರಿದ ಕಾರ್ಕು ಹಿಂಬದಿಯಿಂದ ನಾಲಿಗೆ ಚಾಚಿ ಹರಿದುಹೋಯಿತು. ಈಗ ತೊಟ್ಟಲ್ಲ, ಧಾರೆ.

ಸಂಜೆಯೊಳಗೆ ಬೀದಿಗೆಲ್ಲ ಸುದ್ದಿ. ನೂರಿ ಮೊಪೆಡ್ ನಿಲ್ಲಿಸಿ ಬಾಗಿಲಲ್ಲಿ ತಲೆ ಹಾಕಿದ. "ಏನ್ ಖಾಲ್ತಿ, ಇಂಜಿನ್ನಿಗೆ ಸಲಾಡ್ ಮಾಡಿದ್ರಂತೆ?"

"ಗುರುವಾರ ಬಾ, ನಿಂಬೆಹಣ್ಣು ಹಿಂಡಿ ಬಡಿಸ್ತೀನಿ."

ಅವನು ಹೋದ ಮೇಲೆ ಅವಳು ಹರಿದ ಪ್ಯಾಕಿಂಗನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಳು. ಅಂಗಡಿಯಲ್ಲಿದ್ದದ್ದು ಅದೊಂದೇ. ಇನ್ನೊಂದು ರಾಜಧಾನಿಯಿಂದ ಬರಲು ಐದು ದಿನ. ಗೋಡೆಗೆ ಒರಗಿಸಿದ್ದ ಮೂಟೆಯೊಳಗೆ ಕೈ ತೂರಿಸಿದಳು. ಕಾಯಿ ಆಗಲೇ ಬೆಚ್ಚಗಾಗಿತ್ತು.

"ಸ್ಯಾಟಿನ್ ಬಟ್ಟೆ ಸೂಜಿ ಕೆಳಗೆ ಜಾರತ್ತೆ ಅಂತ ಗೊತ್ತು," ಎಂದಳು ತನಗೆ ತಾನೇ. "ಅದಕ್ಕೆ ಮೊದಲು ಕಚ್ಚಾ ಹೊಲಿಗೆ ಹಾಕಿ ಹಿಡಿದು ನಿಲ್ಲಿಸ್ತೀನಿ. ಇದಕ್ಕೆ ಮಾತ್ರ ಎಣ್ಣೆ ಹಚ್ಚಿದೆನಲ್ಲ, ಕತ್ತೆ ನಾನು!"

"ನಾನೂ ಕತ್ತೆ ತರಾನೇ ಬಿಗಿದೆ," ಎಂದ ಮೊನ್ಸೆಫ್. ಆ ವಾರ ಅವನಾಡಿದ ಮೊದಲ ಒಳ್ಳೆಯ ಮಾತು ಅದು.

ಬುಧವಾರ ಹಳೆಯ ಕೋಟೆಯೊಳಗಿನ ಚಪ್ಪಲಿ ಗಲ್ಲಿಗೆ ಹೋದಳು. ಹೆಂಗಸರ ಎತ್ತರದ ಚಪ್ಪಲಿಗೆ ಅಲ್ಲಿ ಕಾರ್ಕ್ ಹಾಳೆ ಕತ್ತರಿಸುತ್ತಾರೆ. ಹರಿದ ಪ್ಯಾಕಿಂಗಿನಷ್ಟೇ ದಪ್ಪದ ಹಾಳೆ ಸಿಗುವವರೆಗೆ ಏಳು ಅಂಗಡಿ ಹತ್ತಿಳಿದಳು. ಮನೆಗೆ ಬಂದು ಹರಿದ ತುಂಡುಗಳನ್ನು ಜೋಡಿಸಿ, ಕಾಗದದ ಮೇಲೆ ಅಚ್ಚು ತೆಗೆದು, ಮುಚ್ಚಳದ ಅಂಚಿಗೆ ಹಿಡಿದು ತಿದ್ದಿದಳು. ಮೂರನೆಯ ಕಾಗದ ಒಪ್ಪಿತು. ಆಮೇಲೇ ಕಾರ್ಕಿಗೆ ಕತ್ತರಿ ಹಾಕಿದ್ದು. ಒಂದೇ ತುಂಡು, ಎಲ್ಲೂ ಜೋಡಿಸಿದ್ದಲ್ಲ. ಮದುವೆ ಬಟ್ಟೆಯ ಕುತ್ತಿಗೆ ಕತ್ತರಿಸುವಾಗ ಉಸಿರು ಹಿಡಿಯುವಂತೆ ಆಗಲೂ ಉಸಿರು ಹಿಡಿದಿದ್ದಳು.

ಮುಚ್ಚಳ, ಇಂಜಿನ್ ಎರಡನ್ನೂ ಎಣ್ಣೆಯ ಪಸೆ ಉಳಿಯದಂತೆ ಒರೆಸಿದಳು. ಚಪ್ಪಲಿಯ ಅಂಟು ಸವರಿ ಕಾರ್ಕನ್ನು ಮುಚ್ಚಳಕ್ಕೆ ಹಚ್ಚಿ ಒಣಗಲು ಬಿಟ್ಟಳು. ಇಂಜಿನ್ನಿನ ಕಡೆಯ ಮೈಗೆ ಅಂಟೂ ಇಲ್ಲ, ಎಣ್ಣೆಯೂ ಇಲ್ಲ. ಬೋಲ್ಟು ಬಿಗಿಯುವಾಗ ಸ್ಪ್ಯಾನರನ್ನು ಗಂಡನಿಗೆ ಕೊಡಲಿಲ್ಲ. ಈ ಮೂಲೆಗೆ ಕಾಲು ಸುತ್ತು, ಎದುರು ಮೂಲೆಗೆ ಕಾಲು ಸುತ್ತು.

"ಇನ್ನೊಂಚೂರು ಬಿಗಿಯೇ," ಎಂದ ಮೊನ್ಸೆಫ್.

"ಬೇಡ. ಸೊಂಟಪಟ್ಟಿ ಕೂತ್ರೆ ಸಾಕು, ಹೊಟ್ಟೆ ಕೊಯ್ಯಬಾರದು."

ಗುರುವಾರ ಬೆಳಗ್ಗೆ ನಾಲ್ಕು ಮನೆಗಳ ಮೂಟೆ ಹೊತ್ತು ಗಾಡಿ ಗಾಣದ ಗೇಟಿಗೆ ಬಂತು. ಮೊನ್ಸೆಫ್ ಓಡಿಸುತ್ತಿದ್ದ, ಪಕ್ಕದಲ್ಲಿ ಶಾದ್ಲಿಯಾ. ಹಿಂದೆ ಹತ್ತಾರು ಗಾಡಿಗಳ ಸಾಲು. ಅದರಲ್ಲಿ ಅಪ್ಪನ ಕಾಯಿ ತಂದಿದ್ದ ನೂರಿಯೂ ಇದ್ದ. ಹಾಜ್ ತೈಯೆಬ್ ಒಂದು ಬಿಳಿಯ ರಟ್ಟು ತಂದು ಇಂಜಿನ್ನಿನ ಕೆಳಗೆ ಹಾಸಿದ.

"ಆಫ್ ಮಾಡಬೇಡ. ನನ್ನ ಟೀ ಮುಗೀಲಿ."

ಹಾಜ್ ಟೀಯನ್ನು ಅಷ್ಟು ನಿಧಾನವಾಗಿ ಕುಡಿದದ್ದನ್ನು ಯಾರೂ ಕಂಡಿರಲಿಲ್ಲ. ಹಿಂದಿನವರು ಹಾರ್ನ್ ಹೊಡೆದರು. ಶಾದ್ಲಿಯಾ ಇಳಿದು ನಿಂತಿದ್ದಳು, ಆದರೆ ಬಗ್ಗಿ ನೋಡಲಿಲ್ಲ.

ಕೊನೆಗೆ ಹಾಜ್ ಲೋಟ ಇಟ್ಟು, ಮಂಡಿಯೂರಿ, ರಟ್ಟನ್ನು ಎಳೆದು ಬೆಳಕಿಗೆ ಹಿಡಿದ. ತಿರುಗಿಸಿದ. ಮೂಸಿದ.

"ಇದರ ಮೇಲೆ ಮದುವೆ ಕರೆಯೋಲೆ ಬರೀಬಹುದು ಕಣಯ್ಯ! ಯಾವ ಉಸ್ತಾ ಮಾಡಿದ್ದು? ನೂರೀನಾ?"

ನೂರಿ ಗಾಡಿ ಬಿಟ್ಟು ಮುಂದೆ ಬಂದಿದ್ದ. ಬಾನೆಟ್ ಎತ್ತಿಸಿ, ಮುಚ್ಚಳದ ಅಂಚಿನಗುಂಟ ಬೆರಳು ಆಡಿಸಿ ನೋಡಿದ. ಬೆರಳು ಒಣಗಿಯೇ ಇತ್ತು. "ನಾನಲ್ಲ ಹಾಜ್. ನಾನು ಇಂಜಿನ್ ಇಳಿಸಿ ಅಂದಿದ್ದೆ." ಅಷ್ಟು ಜನರ ಮುಂದೆ ಅದನ್ನು ಒಪ್ಪಿಕೊಂಡದ್ದು ಅವನ ದೊಡ್ಡತನ.

ಆಗ ಶಾದ್ಲಿಯಾ ನಕ್ಕಳು. ಆ ನಗೆ ಹೇಗಿತ್ತೆಂದು ಬರೆದು ತೋರಿಸಲಾಗದು. ಅವಳೊಂದಿಗೇ ಹೋಯಿತು ಅದು.

ಗೇಟು ತೆರೆಯಿತು. ಮೊನ್ಸೆಫ್ ಪಕ್ಕದ ಬಾಗಿಲು ತೆಗೆದು, ಎಲ್ಲರಿಗೂ ಕೇಳುವ ಹಾಗೆ ಕೂಗಿದ: "ಹತ್ತು, ಉಸ್ತಾ!"

ಅವಳು ಹತ್ತಲಿಲ್ಲ. ತಲೆವಸ್ತ್ರವನ್ನು ಬಿಗಿದು ಕಟ್ಟಿಕೊಂಡು, ಸಾಲಿನಲ್ಲಿದ್ದವರೆಲ್ಲ ನೋಡಲಿ ಅಂತಲೇ, ಗಾಡಿಯ ಮುಂದೆ ಮುಂದೆ ನಡೆದು ಅಂಗಳದೊಳಗೆ ಹೋದಳು.