ಎರಡು ಮಗ್ಗು, ಒಂದು ಗುಹೆ

ಕ್ವೇಕರ್ಸ್ ಹಿಲ್‌ನ ನಮ್ಮ ಮನೆಯ ಬಚ್ಚಲಲ್ಲಿ ಒಂದು ಬಾತ್‌ಟಬ್ಬಿದೆ, ಆ ಟಬ್ಬಿನೊಳಗೆ ಒಂದು ಬಕೆಟ್ಟಿದೆ, ಬಕೆಟ್ಟಿನ ಅಂಚಿಗೆ ಕೆಂಪು ಮಗ್ಗೊಂದು ನೇತುಬಿದ್ದಿದೆ. ನಗಬೇಡಿ, ನೀವೂ ಕಡಲು ದಾಟಿ ಬಂದವರಾದರೆ ನಿಮ್ಮಲ್ಲೂ ಇದೇ ವ್ಯವಸ್ಥೆ. ಗ್ಲೆನ್ ವೇವರ್ಲಿಯ ನನ್ನ ಭಾವಮೈದನಂತೂ ವರ್ಷಕ್ಕೊಮ್ಮೆ ಗಣಪತಿಯನ್ನು ಬಿಡುವುದಕ್ಕೆಂದೇ ಟಬ್ಬು ತುಂಬಿಸುತ್ತಾನೆ.

ನೀರು ನಮ್ಮ ತಲೆಯ ಮೇಲೆ ಇಳಿಯಬೇಕೇ ಹೊರತು ನಾವು ನೀರಿಗೆ ಇಳಿಯಬಾರದು ಎಂಬುದು ನನ್ನನ್ನು ಬೆಳೆಸಿದ ಅಜ್ಜಿಯ ಜಲನೀತಿ. ಅದನ್ನು ನಾನು ಮೊನ್ನೆಮೊನ್ನೆಯವರೆಗೆ ನಿಷ್ಠೆಯಿಂದ ಪಾಲಿಸಿದ್ದು ಭಕ್ತಿಯಿಂದಲ್ಲ, ಶುದ್ಧ ಭಯದಿಂದ.

ಇಲ್ಲಿಯ ಶಾಲೆ ಸೇರಿ ಈಜು ಕಲಿತು ಮೀನಾಗಿಬಿಟ್ಟಿರುವ ಮಗಳು ಅನಘಾ ಇದನ್ನೆಲ್ಲ ಒಪ್ಪುವವಳಲ್ಲ. ಕುಕ್ ದ್ವೀಪಗಳಲ್ಲೊಂದಾದ ಅಟಿಯುವಿನಲ್ಲಿ ಗುಹೆಯೊಳಗೇ ಒಂದು ಕೊಳವಿದೆಯೆಂದು ಎಲ್ಲಿಯೋ ನೋಡಿದವಳು, ಅಲ್ಲಿ ತನ್ನ ಜೊತೆ ನೀರಿಗಿಳಿಯುವುದಾಗಿ ನನ್ನಿಂದ ಮಾತು ತೆಗೆದುಕೊಂಡಳು. ಕತ್ತಲೆಯಲ್ಲಿ ಒಬ್ಬಳೇ ಈಜಲು ಅವಳಿಗೂ ಅಂಜಿಕೆ. ಮಾರ್ಟ್‌ಗೇಜ್ ಕಟ್ಟುವವನಿಗೆ ಪ್ರವಾಸದ ಮಾತು ಕೊಡುವುದು ಸುಲಭ, ಹೇಗೂ ಹೋಗುವುದಿಲ್ಲವಲ್ಲ. ಆದರೆ ನನ್ನ ಹೆಂಡತಿ ಸುಮಾ ಅಗ್ಗದ ಟಿಕೆಟ್ಟು ಹುಡುಕಿಬಿಟ್ಟಳು.

ಪೆಟ್ಟಿಗೆಯಲ್ಲಿ ಎರಡು ಮಗ್ಗು ಕೂತವು. ಸ್ನಾನಕ್ಕೆ ಕೆಂಪು; ನೀಲಿಯದು ನಿಮಗೆ ಗೊತ್ತೇ ಇರುವ ಇನ್ನೊಂದು ನಿತ್ಯಕರ್ಮಕ್ಕೆ. ಕಾಗದಕ್ಕೆ ಕಾಲು ತಾಗಿದರೆ ಸರಸ್ವತಿಯೆಂದು ಕಣ್ಣಿಗೊತ್ತಿಕೊಂಡು ಬೆಳೆದವರು ನಾವು. ಹೋಟೆಲಿನವರು ಇಟ್ಟ ಸುರುಳಿಯನ್ನು ಆ ಕೆಲಸಕ್ಕೆ ಬಳಸುವ ಧೈರ್ಯ ಎಲ್ಲಿಂದ ಬರಬೇಕು?

ಗುಹೆ ತೋರಿಸಲು ಬಂದವರು ಹೂವಿನ ಕಿರೀಟ ತೊಟ್ಟ ಒಬ್ಬ ಹಿರಿಯಾಕೆ. ಅಲ್ಲಿ ವಯಸ್ಸಾದ ಹೆಂಗಸರನ್ನು ಮಾಮಾ ಎನ್ನುತ್ತಾರೆ. ನನ್ನ ಮೀಸೆಯ ಸೋದರಮಾವನಿಗೆ ಮನಸ್ಸಿನಲ್ಲೇ ಹೂ ಮುಡಿಸಿ ನಾನು ಆ ಸಂಬೋಧನೆಗೆ ಹೊಂದಿಕೊಂಡೆ. ಚೂಪು ಹವಳದ ಕಲ್ಲು ತುಳಿದು ಒಳಹೊಕ್ಕರೆ, ಕತ್ತಲೆಯಲ್ಲಿ ಟಿಕ್ ಟಿಕ್ ಸದ್ದು ಮಾಡುತ್ತಲೇ ದಾರಿ ಕಂಡುಕೊಳ್ಳುವ ಪುಟ್ಟ ಹಕ್ಕಿಗಳು, ಬಂಡೆಗಳ ಮೇಲೆ ಮಾಮಾ ಹಚ್ಚಿಟ್ಟ ಮೊಂಬತ್ತಿಗಳು, ಕೆಳಗೆ ಕದಲದ ಕಪ್ಪು ನೀರು.

ಅನಘಾ ಇಳಿದು, ದಡದ ಬಳಿಯೇ ಸುಳಿದಾಡುತ್ತ ನನಗಾಗಿ ಕಾದಳು. ನಾನು ಬಂಡೆಯ ಮೇಲೆ ಪದ್ಮಾಸನ ಹಾಕಿ, ಚೀಲದಿಂದ ಮಗ್ಗು ತೆಗೆದು ತಲೆಗೆ ನೀರು ಸುರಿದುಕೊಳ್ಳತೊಡಗಿದೆ. ನೀರು ಅದೇ ತಾನೇ, ದಿಕ್ಕು ಮಾತ್ರ ಬೇರೆ ಎಂದು ವಾದಿಸಿದೆ.

“ಅಪ್ಪಾ, ದಿಸ್ ಈಸ್ ಚೀಟಿಂಗ್,” ಎಂದಳು. ದನಿ ಸಣ್ಣದಾಗಿತ್ತು.

ಅಷ್ಟರಲ್ಲಿ ಸುಮಾ ಮೊಂಬತ್ತಿ ಎತ್ತಿ ಹಿಡಿದು, ನನ್ನ ಕೈಯನ್ನು ದಿಟ್ಟಿಸಿ, ಮೆಲ್ಲಗೆ ಹೇಳಿದಳು: “ರೀ, ಅದು ನೀಲಿದು ಕಣ್ರೀ.”

ಮಗ್ಗು ಕೈಜಾರಿ ನೀರಿಗೆ ಬಿತ್ತು. ಅನಘಾ ಎಬ್ಬಿಸಿದ ಅಲೆಗೆ ತೇಲುತ್ತ ತೇಲುತ್ತ, ಆಚೆ ದಡದಲ್ಲಿ ನೀರಿಗೆ ಕಾಲಿಟ್ಟು ನಿಂತಿದ್ದ ಮಾಮಾ ಅವರ ಬಳಿ ಹೋಯಿತು. ನನ್ನ ಅಭಿಷೇಕ ಕಂಡು ಅವರಿಗೂ ಆಸೆಯಾಗಿತ್ತೇನೋ. ನಗುತ್ತ ಹೂವಿನ ಕಿರೀಟ ತೆಗೆದಿಟ್ಟು, ಮಗ್ಗಿಗೆ ಕೈ ಚಾಚಿದರು.

ಅಜ್ಜಿಯ ಜಲನೀತಿ ಅಲ್ಲಿಗೆ ಮುಗಿಯಿತು. ನಾನು ಧುಮುಕಿದೆ. ಮೂಗು, ಬಾಯಿ, ಕಿವಿಗಳಿಗೆ ನೀರು ನುಗ್ಗಿ, ಕಾಲಿಗೆ ನೆಲ ಸಿಕ್ಕಿ, ಕತ್ತಿನ ಮಟ್ಟದ ನೀರಿನಲ್ಲಿ ಎಮ್ಮೆಯಂತೆ ನಡೆದು, ಮಾಮಾ ಅವರ ಬೆರಳು ತಾಗುವ ಮೊದಲೇ ಮಗ್ಗನ್ನು ಎದೆಗವಚಿಕೊಂಡೆ. ಅವರು ಇದೊಂದು ಪವಿತ್ರ ಪಾತ್ರೆಯೆಂದು ತಿಳಿದು ಗೌರವದಿಂದ ಹಿಂದೆ ಸರಿದರು.

ಹಿಂದಿನಿಂದ ಒಂದು ತಣ್ಣನೆಯ ಪುಟ್ಟ ಕೈ ನನ್ನ ಕೈ ಹಿಡಿಯಿತು. “ಯು ಕೇಮ್,” ಎಂದಳು ಅನಘಾ. ಆಮೇಲೆ, ಅಪರೂಪಕ್ಕೆ ಕನ್ನಡದಲ್ಲಿ, “ಬಾ, ಆ ಕಡೆ ಹೋಗೋಣ.”

ನಾನೇಕೆ ಬಂದೆನೆಂದು ಹೇಳಲಿಲ್ಲ. ದಡದಲ್ಲಿದ್ದ ಸುಮಾಳೂ ಹೇಳಲಿಲ್ಲ. ಮಾನ ಉಳಿಸಿಕೊಳ್ಳಲು ಹಾರಿದವನಿಗೂ ಮಾತು ಉಳಿಸಿಕೊಳ್ಳಲು ಹಾರಿದವನಿಗೂ ಒದ್ದೆಯಾಗುವುದರಲ್ಲಿ ವ್ಯತ್ಯಾಸವಿಲ್ಲ. ಹಕ್ಕಿಗಳು ಟಿಕ್ ಟಿಕ್ ಎನ್ನುತ್ತಿದ್ದ ಕತ್ತಲೆಯೊಳಕ್ಕೆ ಅವಳು ಈಜಿದಳು, ನಾನು ಅವಳ ಕೈ ಬಿಡದೆ ನಡೆದೆ.

ಈಗ ಭಾನುವಾರಗಳಲ್ಲಿ ಬಕೆಟ್ಟನ್ನು ಎತ್ತಿ ಹೊರಗಿಟ್ಟು, ಟಬ್ಬು ತುಂಬಿಸಿ, ಕತ್ತಿನವರೆಗೆ ಮುಳುಗಿ ಮಲಗುತ್ತೇನೆ. ಅಜ್ಜಿಗೂ ಬೇಸರವಾಗಬಾರದಲ್ಲ, ಏಳುವ ಮುನ್ನ ತಲೆಗೊಂದು ಮಗ್ಗು ಸುರಿದುಕೊಳ್ಳುತ್ತೇನೆ. ದೀಪ ಹಾಕಿ, ಬಣ್ಣ ನೋಡಿಕೊಂಡು.