ಮಾವನ ಗೋಡೆ, ಅಕ್ಕನ ಹಸು

ಗರುಡಾಚಾರ್‌ಪಾಳ್ಯದಲ್ಲಿ ನಮ್ಮಕ್ಕ ಅಂಜಿನಮ್ಮನಿಗೆ ಹೆದರದ ಗಂಡಸು ಒಬ್ಬರೇ, ಅವಳ ಗಂಡ ಸಂಜೀವಪ್ಪ. ಧೈರ್ಯ ಅಂತ ತಿಳಿಯಬೇಡಿ. ಅವಳು ಹೇಳಿದ್ದನ್ನು ಭಾವ ಕಿವಿಗೇ ಹಾಕಿಕೊಳ್ಳುತ್ತಿರಲಿಲ್ಲ. ನಾನು ಪಕ್ಕದ ಮನೆಗೇ ಸೊಸೆಯಾಗಿ ಬಂದವಳು, ಇಬ್ಬರ ಜಗಳವನ್ನೂ ವರ್ಷಗಟ್ಟಲೆ ಪುಕ್ಕಟೆ ನೋಡಿದ್ದೇನೆ.

ಅಕ್ಕ ಸಿ.ವಿ. ರಾಮನ್ ನಗರದ ಮನೆಗಳಿಗೆ ಹಾಲು ಹಾಕುತ್ತಿದ್ದಳು. "ಇವತ್ತು ನೀರು ಜಾಸ್ತಿ ಆಯ್ತೇನಮ್ಮಾ?" ಎಂದು ಯಾರಾದರೂ ಕೇಳಿದರೆ ಮುಗಿಯಿತು, ಮಾರನೇ ದಿನದಿಂದ ಆ ಮನೆಗೆ ಹಾಲೇ ಇಲ್ಲ. ಅಂಥ ಸಿಟ್ಟಿನ ಅಕ್ಕ ಊಟ ಬಿಟ್ಟು ಅತ್ತದ್ದನ್ನು ನಾನು ನೋಡಿದ್ದು ತೊಂಬತ್ತೆಂಟರ ಬೇಸಿಗೆಯಲ್ಲಿ. ಅವಳ ಸೀಮೆಹಸು ರಾಣಿಗೂ ಅದರ ಕರುವಿಗೂ ಉಣ್ಣಿ ಜ್ವರ ಬಂತು. ರಾಣಿ ಹೇಗೋ ಬದುಕಿಕೊಂಡಳು. ಕರು ಹುಟ್ಟಿದ ಮೂವತ್ತೊಂಬತ್ತನೇ ದಿನ ಸತ್ತುಹೋಯಿತು.

ಮರುವರ್ಷ ರಾಣಿ ಮತ್ತೆ ತುಂಬಿದ ಗಬ್ಬ. ಈ ಕರುವನ್ನಾದರೂ ಉಳಿಸಿಕೊಳ್ಳಬೇಕು ಎಂದು ಅಕ್ಕ ದಿನಾ ಬೆಳಿಗ್ಗೆ ಹಸುವಿನ ಮೈಯೆಲ್ಲ ತಡಕಿ, ಉಣ್ಣಿ ಕಿತ್ತು ಸೀಮೆಎಣ್ಣೆ ಡಬ್ಬಕ್ಕೆ ಹಾಕುತ್ತಿದ್ದಳು. ಮಾರನೇ ದಿನ ನೋಡಿದರೆ ಮತ್ತೆ ಅಷ್ಟೇ! ಕೊನೆಗೆ ದನದ ಡಾಕ್ಟರು ಪ್ರತಿಭಾ ಬಂದರು. ಗದಗದ ಕಡೆಯವರು. ಆಯಮ್ಮ ಹಸುವನ್ನು ಬಿಟ್ಟು ಕೊಟ್ಟಿಗೆಯ ಕಲ್ಲುಗೋಡೆಯ ಮುಂದೆ ನಿಂತರು. ತಲೆಯಿಂದ ಹೇರ್‌ಪಿನ್ ತೆಗೆದು ಒಂದು ಸಂದಿಗೆ ಹಾಕಿ ಕೆದಕಿದರು. ಬುಳುಬುಳು ಅಂತ ಉಣ್ಣಿ ಉದುರಿದವು.

"ಆಕಳ ಮೈಮ್ಯಾಲೆ ನಿಮಗ ಸಿಗೋವು ಬರೇ ಊಟಕ್ಕ ಬಂದಾವ್ರೀ. ಇವುಗಳ ಮನಿ ಇಲ್ಲೈತಿ," ಎಂದರು. "ಮೊದಲ ಆಕಳ ಕೆರಿ ಕಡೆ ಮೇಯಾಕ ಹೋಗ್ತಿತ್ತು. ಉಣ್ಣಿ ಬಯಲಾಗ ಉದುರಿ, ಬಿಸಿಲಿಗೆ ಒಣಗಿ ಸಾಯ್ತಿದ್ವು. ಈಗ ದಿನಪೂರ್ತಿ ಇಲ್ಲೇ ಕಟ್ಟೀರಿ. ಉದುರಿದ್ದು ಎರಡು ಹೆಜ್ಜಿ ಹೋದ್ರ ಗ್ವಾಡಿ. ಅಲ್ಲೇ ತತ್ತಿ, ಅಲ್ಲೇ ಮರಿ. ಸಂದಿ ಮುಚ್ಚಸ್ರಿ."

ಮಾತು ನಿಜವೇ. ಮೇಯುವ ಜಾಗಕ್ಕೆಲ್ಲ ಫ್ಯಾಕ್ಟರಿಗಳ ಕಾಂಪೌಂಡು ಬಂದು ಮೂರು ವರ್ಷವಾಗಿತ್ತು. ಆ ಕಾಂಪೌಂಡುಗಳಿಗೆ ಗಾರೆ ಬಳಿದವರೂ ನಮ್ಮ ಭಾವನೇ! ಊರಿಗೆಲ್ಲ ಗಾರೆ ಕೆಲಸ, ಮನೆ ಕೊಟ್ಟಿಗೆಗೆ ಮಾತ್ರ ಒಂದು ಕರಣೆ ಗಾರೆ ಇಲ್ಲ.

"ನಮ್ಮಪ್ಪ ಕಟ್ಟಿದ್ ಗೋಡೆ. ಸಿಮೆಂಟೇ ಇಲ್ದೆ ನಲವತ್ತು ವರ್ಷ ನಿಂತೈತೆ. ಯಾರಾದ್ರೂ ಮುಟ್ಟಿದ್ರೆ ನೋಡಿ!" ಎಂದರು ಭಾವ.

ಅಕ್ಕ ಅವತ್ತೇ ರಾಣಿಯನ್ನು ಅಂಗಳದ ಹೊಂಗೆ ಮರಕ್ಕೆ ಕಟ್ಟಿದಳು. ಹತ್ತು ದಿನದಲ್ಲಿ ಮೈಮೇಲಿನ ಉಣ್ಣಿ ಅರ್ಧಕ್ಕರ್ಧ ಇಳಿಯಿತು. "ಮಳೆ ಹಿಡ್ಕೊಂಡ್ರೆ ಏನ್ ಮಾಡ್ತೀಯೋ, ಛತ್ರಿ ಹಿಡೀತೀಯಾ?" ಎಂದು ಭಾವ ಆಡಿಕೊಂಡರು.

ಭಾನುವಾರ ಮುದ್ದೆ, ಬಾಡಿನ ಸಾರು. ಭಾವ ತೇಗುತ್ತಾ ಎದ್ದಾಗ ಅಕ್ಕ ಬೆಣ್ಣೆಯಂಥ ದನಿಯಲ್ಲಿ, "ಒಳಗೆ ಸೆಕೆ. ಕೊಟ್ಟಿಗೆ ಗುಡಿಸಿ ಚಾಪೆ ಹಾಕಿವ್ನಿ, ನಿಮ್ಮಪ್ಪನ ಗೋಡೆ ಪಕ್ಕ ತಂಪಾಗೈತೆ," ಎಂದಳು. ಭಾವ ಹಿರಿಹಿರಿ ಹಿಗ್ಗಿ ಹೋಗಿ ಮಲಗಿದರು. ಗೋಡೆಯೊಳಗಿನವಕ್ಕೆ ಹತ್ತು ದಿನದ ಉಪವಾಸ.

ಅರ್ಧ ಗಂಟೆಯೂ ಆಗಿರಲಿಲ್ಲ. "ಅಯ್ಯಯ್ಯಪ್ಪೋ!" ಎನ್ನುತ್ತಾ ಭಾವ ಬನಿಯನ್ ಕಿತ್ತೆಸೆದು ಅಂಗಳಕ್ಕೆ ಹಾರಿದರು. ನಾನು ನಕ್ಕು ನಕ್ಕು ನೆಲಕ್ಕೆ ಕೂತೆ. ಅಕ್ಕ ಚಿಮಟ ಹಿಡಿದು ಒಂದೊಂದೇ ಕೀಳುತ್ತಾ, "ಇದು ನಿಮ್ಮಪ್ಪನ ಗೋಡೇದು. ಇದೂ ನಿಮ್ಮಪ್ಪನ ಗೋಡೇದೇ," ಎಂದಳು. ಕಂಕುಳಲ್ಲೇ ಎರಡಿದ್ದವು. ಆಮೇಲೆ ಡಾಕ್ಟರು ಇದನ್ನು ಕೇಳಿ ಅಕ್ಕನಿಗೆ ಚೆನ್ನಾಗಿ ಬೈದರು, ಅದು ಬೇರೆ ಮಾತು.

ಭಾವ ಮಾತ್ರ ನಗಲಿಲ್ಲ. ಗೋಡೆಯ ಮುಂದೆ ಕುಕ್ಕರಗಾಲಲ್ಲಿ ಕೂತು, "ಈ ಮೂಲೆ ಕಲ್ಲು ನಾನಿಟ್ಟಿದ್ದು. ಹತ್ತು ವರ್ಷ ಆಗ ನಂಗೆ. ನಮ್ಮಪ್ಪ ನನ್ ಕೈ ಹಿಡ್ದು ಇಡಿಸ್ದ," ಎಂದರು. ನನ್ನ ನಗು ಅಲ್ಲೇ ನಿಂತಿತು. ಅಕ್ಕ ಅವರ ಪಕ್ಕ ಕೂತಳು. "ಕೆಡವಿ ಅಂದ್ನಾ ನಾನು? ಸಂದಿ ಮುಚ್ಚಿ ಅಂದೆ. ಕಲ್ಲು ಅಲ್ಲೇ ಇರ್ತದಲ್ಲ."

ಭಾವ ಮೂರು ದಿನ ಕೂಲಿ ಬಿಟ್ಟರು. ಮೊದಲು ಬೆಂಕಿ ಉಗುಳುವ ಬ್ಲೋಲ್ಯಾಂಪ್ ಹಿಡಿದು ಸಂದಿಗಳನ್ನೆಲ್ಲ ಸುಟ್ಟರು. ಆಮೇಲೆ ಕಲ್ಲಿನ ಮುಖಕ್ಕೆ ಒಂದು ತೊಟ್ಟೂ ತಾಕದ ಹಾಗೆ, ಸಂದಿಗೆ ಮಾತ್ರ ಗಾರೆ ತುಂಬಿ ಕರಣೆಯ ತುದಿಯಲ್ಲಿ ಗೆರೆ ಗೀರಿದರು. ಅಷ್ಟು ಚೆಂದದ ಕೆಲಸವನ್ನು ಅವರು ಯಾವ ಫ್ಯಾಕ್ಟರಿಗೂ ಮಾಡಿರಲಿಕ್ಕಿಲ್ಲ.

ಮಳೆ ಹಿಡಿದ ವಾರವೇ ರಾಣಿ ಕೊಟ್ಟಿಗೆಯಲ್ಲಿ ಈದಳು. ಹೆಣ್ಣು ಕರು. ಅಕ್ಕ ಹೆಸರಿಡಲಿಲ್ಲ, ಯಾರಿಗೂ ಇಡಲು ಬಿಡಲಿಲ್ಲ. ದಿನಾ ಅದರ ಕಿವಿಯೊಳಗೆ, ಬಾಲದಡಿ ಬೆರಳಾಡಿಸಿ ನೋಡುವಳು. ಭಾವ ಬಾಗಿಲಲ್ಲಿ ಕಾದು ನಿಂತಿರುವರು. "ಇಲ್ಲ, ಒಂದೂ ಇಲ್ಲ," ಎಂದು ಅಕ್ಕ ಹೇಳಿದ ಮೇಲೇ ಅವರು ಕೆಲಸಕ್ಕೆ ಹೊರಡುವುದು. ಮೂವತ್ತೊಂಬತ್ತನೇ ದಿನ ಇಬ್ಬರೂ ಮನೆ ಬಿಟ್ಟು ಎಲ್ಲಿಗೂ ಹೋಗಲಿಲ್ಲ.

ನಲವತ್ತನೇ ದಿನ ಬೆಳಿಗ್ಗೆ ಕರು ಹಗ್ಗ ಬಿಚ್ಚಿಕೊಂಡು ಬೀದಿಗೆ ಓಟ ಕಿತ್ತಿತು. ಅಕ್ಕ ಸೆರಗು ಸಿಕ್ಕಿಸಿಕೊಂಡು ಹಿಂದೆಯೇ ಓಡುತ್ತಾ, ಊರಿಗೆಲ್ಲ ಕೇಳುವ ಹಾಗೆ ಕೂಗಿದಳು: "ನಿಲ್ಲೇ, ಮುನಿರಾಜಮ್ಮಾ! ಏ ಮುನಿರಾಜಮ್ಮಾ!"

ನಾನು ಪೊರಕೆ ಬಿಟ್ಟು ಬೀದಿಗೆ ಬಂದೆ. ಭಾವನ ಅಪ್ಪ ಮುನಿರಾಜಪ್ಪ. ನಮ್ಮಲ್ಲಿ ಸೊಸೆಯರು ಮಾವನ ಹೆಸರು ಎತ್ತುವುದಿಲ್ಲ. ಅಕ್ಕ ರೇಷನ್ ಕಾರ್ಡಿನವರು ಕೇಳಿದರೂ ನನ್ನ ಕೈಯಲ್ಲೇ ಹೇಳಿಸಿದವಳು. ತಿರುಗಿ ನೋಡಿದರೆ ಭಾವ ಗೋಡೆಗೆ ಕೈಯೂರಿ ನಿಂತು ನಗುತ್ತಿದ್ದರು, ಕಣ್ಣಲ್ಲಿ ಧಾರಾಕಾರ ನೀರು. ಆಮೇಲೆ ಪಂಚೆ ಎತ್ತಿ ಕಟ್ಟಿಕೊಂಡು, ತಾವೂ ಅದೇ ಹೆಸರು ಕೂಗುತ್ತಾ ಅಕ್ಕನ ಹಿಂದೆ ಓಡಿದರು.